ಯಾರ ಮಗಳೆಂದು ಹೇಳದ ದನಿ

"ನಿನ್ನ ಮಗಳು ಫೋನ್ ಮಾಡಿದ್ಳು," ಎಂದರು ದೊಡ್ಡಪ್ಪ.

ನಾನು ಅಂಗಡಿಯಲ್ಲಿ ಕೂತು ಶಾಲೆಯ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದೆ. ಹೊಲಿಗೆ ಯಂತ್ರದ ಮೇಲೆ ಕಾಲು ನಿಂತುಹೋಯಿತು. ನನ್ನ ಮಗಳು ಸತ್ತು ನಾಲ್ಕು ವರ್ಷವಾಗಿತ್ತು. ಅವಳನ್ನು ಮಣ್ಣು ಮಾಡಿದ ದಿನ ನನ್ನ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದವರು ಇದೇ ದೊಡ್ಡಪ್ಪ.

"ದೊಡ್ಡಪ್ಪ, ಬೆಳಗ್ಗೆ ಬೆಳಗ್ಗೆ ನನ್ನ ಬಾಯಿಗೆ ಬೀಳ್ಬೇಡಿ. ಗುಂಡಿ ಹಾಕಿಸ್ಕೊಳ್ಳೋಕೆ ಬಂದಿದ್ರೆ ಅಂಗಿ ಬಿಚ್ಚಿ ಕೊಡಿ."

"ಗುಂಡಿ ಇರ್ಲಿ ಬಿಡೇ. ಸಿಳ್ಳೆ ಮಾತಾಡಿದ್ಳು ಅಂತಿದ್ದೀನಿ. ನೀರು ಎಲ್ಲಿಂದ ತರ್ತೀರಿ ಅಂತ ಕೇಳಿದ್ಳು. ಎಲ್ಲಾ ಹೇಳ್ದೆ. ಪಾಪ, ಊರು ಬಿಟ್ಟು ದಿನ ಆಯ್ತಲ್ಲ, ಮರೆತಿದ್ದಾಳೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೇರಿಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ದೊಡ್ಡಪ್ಪನ ಮೇಲೆ ರೇಗಿ ಪ್ರಯೋಜನವಿಲ್ಲ. ಒಂದು ಸಲ ಶುರುವಾದರೆ ನಿಲ್ಲಿಸುವ ಗುಂಡಿಯೇ ಇಲ್ಲವೆಂದು ಜನ ಅವರಿಗೆ ರೇಡಿಯೊ ಎಂದು ಹೆಸರಿಟ್ಟಿದ್ದರು. ಎರಡು ವರ್ಷದಿಂದ ಅವರ ನೆನಪು ಹಳೆಯ ಬಟ್ಟೆಯ ಹಾಗೆ ಜಾಳಾಗುತ್ತ ಬಂದಿತ್ತು. ಯಾರು ಇದ್ದಾರೆ, ಯಾರು ಹೋಗಿದ್ದಾರೆ ಎಂಬುದು ಒಂದು ದಿನ ನೆನಪಿದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ.

ಸಿಳ್ಳೆ ಎಂದರೆ ನನ್ನ ಮಗಳು. ಒಂಬತ್ತು ವರ್ಷದವಳಿದ್ದಾಗ ನನ್ನ ಬಾಬಿನ್ ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡಳು. ಆಮೇಲೆ ಅವಳು 'ಸ' ಎಂದಾಗಲೆಲ್ಲ ಅದರ ಜೊತೆ ಸಣ್ಣ ಸಿಳ್ಳೆಯೊಂದು ಹೊರಡುತ್ತಿತ್ತು. ಇಡೀ ಕೇರಿಗೆ ಅದೇ ಅವಳ ಹೆಸರಾಯಿತು.

"ಯಾರ ಮಗಳು ಅಂತ ಹೇಳಿದ್ಳಾ?" ಎಂದು ಕೇಳಿದೆ, ಸುಮ್ಮನೆ ಅವರ ಬಾಯಿ ಮುಚ್ಚಿಸಲು.

ನಮ್ಮ ಜನ ಮಾತು ಶುರು ಮಾಡುವುದೇ ಹಾಗೆ. ಎದುರಿಗೆ ಹೆತ್ತ ತಾಯಿಯೇ ಇದ್ದರೂ, ಫೋನಿನಲ್ಲಾದರೂ, ನಾನು ಇಂಥವರ ಮಗಳು, ಇಂಥವರ ಮಗ ಎಂದು ಮೊದಲು ಹೇಳುತ್ತೇವೆ. ಮಿಕ್ಕ ಮಾತು ಆಮೇಲೆ.

"ಇಲ್ಲ," ಎಂದರು ದೊಡ್ಡಪ್ಪ. "ಅವಳಿಗೆ ಯಾವಾಗ್ಲೂ ಅವಸರ ಅಲ್ವಾ."

ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಅವರ ಫೋನು ನನ್ನ ಅಂಗಡಿಯಲ್ಲೇ ಬಡಿದುಕೊಂಡಿತು. ಅವರು ಎರಡು ಮಾತಾಡಿ, ಮುಖ ಅರಳಿಸಿ, ಅದನ್ನು ನನ್ನ ಕಿವಿಗೆ ಒತ್ತಿದರು. "ತಗೋ, ನಿನ್ನ ಮಗಳೇ. ಈಗ್ಲಾದ್ರೂ ನಂಬು."

ಹೆಣ್ಣು ದನಿ. ನಮ್ಮ ನುಡಿ. ನಿಮ್ಮ ಗುಡ್ಡದ ಮೇಲೆ ಒರತೆ ಎಷ್ಟಿವೆ, ಬೇಸಿಗೆಯಲ್ಲಿ ಯಾವುದು ಬತ್ತುತ್ತದೆ, ಅದರ ಮೇಲಿನ ಜಾಗ ಯಾವ ಮನೆಯವರದು ಎಂದು ಮರ್ಯಾದೆಯಾಗಿ ಕೇಳುತ್ತಿತ್ತು. ನಮ್ಮ ನುಡಿಯಲ್ಲಿ ನೀರಿಗೆ ಹೇಳುವ ಪದದಲ್ಲಿ 'ಸ' ಇದೆ. ಆ ಪದ ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ನುಡಿಯ ಒಂದು ಪದವನ್ನೂ ಬರೆಯುವುದಿಲ್ಲ. ಆ ದನಿ ಆ ಪದ ಹೇಳಿದಾಗ ಸಿಳ್ಳೆ ಹೊರಟಿತು.

"ಮಗಳೇ," ಎಂದೆ. ನನಗೇ ತಿಳಿಯದೆ ಬಾಯಿಂದ ಬಂದುಹೋಯಿತು.

"ನಿಮ್ಮ ಉತ್ತರ ಅರ್ಥವಾಗಲಿಲ್ಲ," ಎಂದಿತು ಅದು. "ದಯವಿಟ್ಟು ಇನ್ನೊಮ್ಮೆ ಹೇಳಿ."

ಫೋನನ್ನು ಗೋಡೆಗೆ ಎಸೆದೆ. ದೊಡ್ಡಪ್ಪ ಅದರ ಚೂರುಗಳನ್ನು ಆರಿಸಿಕೊಂಡು, "ಮಗಳ ಜೊತೆ ಹೀಗಾ ಮಾತಾಡೋದು?" ಎಂದು ನನ್ನನ್ನೇ ಬೈದು ಹೋದರು.

ವಿಷಯ ಗೊತ್ತಾದದ್ದು ಮುಂದಿನ ವಾರ. ಗುಡ್ಡ ಒಡೆಯಲು ಹೊರಟಿದ್ದ ಕಲ್ಲು ಕಂಪನಿಯ ಸರ್ವೆಯವರು ಗುಡ್ಡದ ಬುಡದಲ್ಲಿ ಜೀಪು ನಿಲ್ಲಿಸಿ ನಕ್ಷೆ ಹರಡಿಕೊಂಡಿದ್ದರು. ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಹೋದೆ. ಇಟ್ಟು ಹೋಗಬೇಕೆಂದು ಹೊಳೆಯಲಿಲ್ಲ. ನಕ್ಷೆಯಲ್ಲಿ ನಮ್ಮ ಏಳು ಒರತೆಗಳೂ ಇದ್ದವು, ಹೆಸರಿನ ಸಮೇತ. ಹೊರಗಿನವರ ಮುಂದೆ ನಾವು ಎಂದೂ ಬಾಯಿ ಬಿಟ್ಟು ಹೇಳದ ಹೆಸರುಗಳು. ಯಾವ ಮನೆಗೆ ಪಕ್ಕದ ಮನೆಯ ಜೊತೆ ಯಾವ ಜಾಗದ ಮೇಲೆ ಮನಸ್ತಾಪ ಎಂಬುದು ಕೂಡ ಬಣ್ಣಬಣ್ಣದಲ್ಲಿ ಗುರುತಾಗಿತ್ತು. ಜಗಳವಿರುವ ಕಡೆ ಮೊದಲು ಕೊಳ್ಳಲು ಹೋಗುವುದು ಅವರ ಲೆಕ್ಕಾಚಾರ.

"ಇದನ್ನೆಲ್ಲ ನಿಮಗೆ ಯಾವನು ಹೇಳಿದ?"

"ನೀವೇ ಹೇಳಿದ್ದು, ಅಮ್ಮ," ಎಂದ ಸರ್ವೆಯವನು, ನನ್ನ ಕತ್ತರಿಯ ಮೇಲೇ ಕಣ್ಣಿಟ್ಟು. "ಫೋನ್ ಸಮೀಕ್ಷೆ. ಕಂಪ್ಯೂಟರ್ ಮಾತಾಡುತ್ತೆ. ದನಿ ಭಾಷಾ ಸಂಸ್ಥೆಯವರು ರೆಕಾರ್ಡ್ ಮಾಡಿಟ್ಟದ್ದು, ಅದನ್ನೇ ಜೋಡಿಸಿದ್ದಾರೆ, ಒಪ್ಪಂದ ಆಗಿದೆ. ಬೇರೆ ಕಡೆ ನಾಲ್ಕು ಜನ ಉತ್ತರ ಕೊಟ್ರೆ ಹೆಚ್ಚು. ನಿಮ್ಮೂರಲ್ಲಿ ಒಬ್ಬರೂ ಮಾತು ಮುಗಿಯೋ ಮುಂಚೆ ಫೋನ್ ಇಟ್ಟಿಲ್ಲ."

ಇಡುವುದು ಹೇಗೆ? ನಮ್ಮ ನುಡಿ ಆಡುವವರು ಭೂಮಿಯ ಮೇಲೆ ಇರುವುದೇ ಸಾವಿರದ ನೂರು ಜನ. ಆ ನುಡಿಯಲ್ಲಿ ಮಾತಾಡಿದ ಪರಕೀಯರನ್ನು ನಮ್ಮ ಮುತ್ತಜ್ಜನ ಕಾಲದಿಂದ ಯಾರೂ ಕಂಡಿಲ್ಲ. ಆ ನುಡಿ ಕಿವಿಗೆ ಬಿದ್ದರೆ ಆ ಕಡೆ ಇರುವುದು ಅತ್ತೆಯೋ ಅತ್ತಿಗೆಯೋ ಮೊಮ್ಮಗಳೋ ಆಗಿರಲೇಬೇಕು. ಸುಳ್ಳು ಹೇಳಬೇಕೆಂದು ಯಾರಿಗೆ ತೋಚೀತು? ದೊಡ್ಡಪ್ಪನಿಗಾದರೂ ನೆನಪಿಲ್ಲದ ನೆಪವಿತ್ತು. ನೆನಪು ಗಟ್ಟಿಯಿದ್ದವರೂ ಎಲ್ಲವನ್ನೂ ಹೇಳಿ, ಊಟ ಆಯ್ತಾ ಎಂದು ಅದನ್ನು ವಿಚಾರಿಸಿದ್ದರು.

ಆರು ವರ್ಷದ ಹಿಂದೆ ಭಾಷಾ ಸಂಸ್ಥೆಯವರು ಬಂದು ಶಾಲೆಯ ಕೋಣೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿ ನಲವತ್ತೆರಡು ಜನರ ಮಾತು ಹಿಡಿದುಕೊಂಡಿದ್ದರು. ನುಡಿ ಅಳಿಯಬಾರದು, ಅದಕ್ಕೆ ಎಂದರು. ಸಿಳ್ಳೆಗೆ ಆಗ ಹದಿನಾರು. ಎರಡು ನೋಟ್ ಪುಸ್ತಕ ಕೊಡುತ್ತಾರೆ ಎಂದು ಕುಣಿದುಕೊಂಡು ಹೊರಟಳು. "ಎರಡು ಪುಸ್ತಕಕ್ಕೆ ಬಾಯಿ ಬಾಡಿಗೆಗೆ ಕೊಡ್ತೀಯಾ, ಕತ್ತೆ," ಎಂದು ಬೈದೆ. ಬೈದದ್ದಷ್ಟೇ. ವಯಸ್ಸು ಸಾಲದು, ತಾಯಿಯ ಸಹಿ ಬೇಕು ಎಂದು ಕಾಗದ ತಂದಾಗ ಯಂತ್ರದಿಂದ ಏಳದೆಯೇ ಸಹಿ ಹಾಕಿದೆ. ಏಳನೇ ತರಗತಿವರೆಗೆ ಓದಿದವಳು ನಾನು. ಆ ಕಾಗದ ಓದಿದ್ದರೆ 'ಸಂಶೋಧನೆಗೆ ಹಾಗೂ ಇತರ ಉಪಯೋಗಗಳಿಗೆ' ಎಂಬ ಸಾಲು ಕಾಣುತ್ತಿತ್ತು. ಎರಡು ವರ್ಷಕ್ಕೆ ಅವಳು ನಾಲ್ಕು ದಿನದ ಜ್ವರದಲ್ಲಿ ಹೋದಳು. ಅವಳಪ್ಪ ಬಹಳ ಹಿಂದೆಯೇ ಲಾರಿ ಓಡಿಸಲು ಹೋಗಿ ಬೇರೆ ಕಡೆ ಸಂಸಾರ ಹೂಡಿದ್ದ. ಮನೆಯಲ್ಲಿ ಉಳಿದದ್ದು ನಾನು, ಯಂತ್ರ, ಮತ್ತು ಶಾಲೆಯ ಗುಂಪು ಫೋಟೊದಲ್ಲಿ ಮೂರನೇ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಅವಳು.

ಸಂಸ್ಥೆಗೆ ಪತ್ರದ ಮೇಲೆ ಪತ್ರ ಬರೆದೆವು. ಐದು ತಿಂಗಳಾದ ಮೇಲೆ ಉತ್ತರ ಬಂತು. ನಲವತ್ತೆರಡು ಮಂದಿಯೂ, ಸತ್ತವರ ಪರವಾಗಿ ಮನೆಯವರೂ ಒಪ್ಪಿದರೆ ಎಲ್ಲವನ್ನೂ ಅಳಿಸುತ್ತೇವೆ. ಕಂಪನಿಗೆ ಕೊಟ್ಟ ದನಿಯನ್ನೂ ನಿಲ್ಲಿಸುತ್ತೇವೆ. ಒಬ್ಬರು ಒಪ್ಪದಿದ್ದರೂ ಆಗುವುದಿಲ್ಲ. ಬೇಕೆಂದರೆ ನಿಮ್ಮವರಿಗೆ ಒಂದು ಪ್ರತಿ ಕೊಡುತ್ತೇವೆ.

ಆ ಕೊನೆಯ ಮಾತಿನ ಮೇಲೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಒಂದು ಪ್ರತಿ ಇರಲಿ ಎಂದು ಅರ್ಧ ಜನ. ಇಟ್ಟುಕೊಳ್ಳುವವರು ಯಾರು ಎಂದು ಇನ್ನರ್ಧ ಜನ. ನಮ್ಮ ಸೂಲಗಿತ್ತಿ ಎದ್ದು ನಿಂತಳು. ಕೇರಿಯ ಅರ್ಧದಷ್ಟು ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು, ನನ್ನ ಮಗಳನ್ನೂ. ಅವಳ ಗಂಡ ಸತ್ತು ವರ್ಷವಾಗಿತ್ತು. ಜೇನು ಕೀಳುವುದು ಹೇಗೆ ಎಂದು ಅವನು ಸಂಸ್ಥೆಯವರಿಗೆ ಹೇಳಿದ್ದ ಮಾತು ಆ ನಲವತ್ತೆರಡರಲ್ಲಿತ್ತು.

"ನಂಗೆ ಅವನದ್ದೊಂದು ಸಾಕು," ಎಂದಳು. "ಮನೇಲಿ ಇಟ್ಕೋತೀನಿ. ಯಾರಿಗೂ ಕೇಳ್ಸಲ್ಲ."

ನಾನು ಹಾರಿಬಿದ್ದೆ. "ಮನೇಲಿಟ್ಟಿದ್ದು ಮನೇಲೇ ಇರುತ್ತಾ ಅಕ್ಕ? ನಾಳೆ ನಿನ್ನ ಮೊಮ್ಮಗನ ಫೋನಿಗೆ ಹೋಗುತ್ತೆ, ನಾಡಿದ್ದು ಕಂಪನಿಗೆ ಹೋಗುತ್ತೆ. ಒಂದು ಪ್ರತಿ ಉಳಿದ್ರೂ ಅದು ಒಂದು ಬಾಯಿ! ನಿನ್ನ ಗಂಡನ್ನ ಕರ್ಕೊಂಡು ಹೋಗಿ ಅವರು ಇನ್ನೊಂದು ಗುಡ್ಡ ತೋರ್ಸು ಅಂತಾರೆ, ಅವನು ತೋರಿಸ್ತಾನೆ. ಬೇಕಾ? ನನ್ನ ಮಗಳನ್ನ ಸತ್ತ ಮೇಲೂ ದುಡಿಸ್ತಿದ್ದಾರೆ. ಎಲ್ಲಾ ಸುಟ್ಟುಹೋಗ್ಲಿ. ಯಾರಿಗೂ ಬೇಡ. ಯಾರಿಗೂ ಅಂದ್ರೆ ಯಾರಿಗೂ!"

ಸೂಲಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತುಬಿಟ್ಟಳು. ಉಳಿದವರೂ ಆಮೇಲೆ ಒಬ್ಬೊಬ್ಬರಾಗಿ ಪ್ರತಿ ಬೇಡವೆಂದು ಒಪ್ಪಿದರು. ಸರಿ ಎನಿಸಿತೋ, ನನ್ನ ಬಾಯಿಗೆ ಹೆದರಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಗ ನನ್ನ ಕಿವಿಯಲ್ಲಿದ್ದದ್ದು ಯಂತ್ರದ ದನಿ ಮಾತ್ರ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದದ್ದು. ಅದರ ಹಿಂದೆ ಒಂದು ಹುಡುಗಿ ಉಸಿರಾಡಿದ ಟೇಪು ಎಲ್ಲೋ ಇದೆ ಎಂದು ನಾನು ಯೋಚಿಸಿರಲಿಲ್ಲ.

ಬದುಕಿದ್ದವರು ಊರಿನಲ್ಲೇ ಸಹಿ ಹಾಕಿದರು. ಸತ್ತವರು ಹನ್ನೊಂದು ಮಂದಿ; ಅವರ ಮನೆಯವರು ಸಂಸ್ಥೆಗೇ ಬಂದು, ದನಿ ಕೇಳಿ, ಇದು ನಮ್ಮವರದೇ ಎಂದು ಗುರುತು ಹೇಳಿ ಸಹಿ ಮಾಡಬೇಕಿತ್ತು. ಒಂಬತ್ತು ಮನೆಯವರು ಹಿಂದಿನ ವಾರ ಹೋಗಿ ಬಂದಿದ್ದರು. ಕೊನೆಗೆ ಉಳಿದದ್ದು ಸೂಲಗಿತ್ತಿ ಮತ್ತು ನಾನು. ಬಸ್ಸಿನಲ್ಲಿ ಐದು ಗಂಟೆ ಒಂದೇ ಸೀಟಿನಲ್ಲಿ ಕೂತು ಹೋದೆವು. ಅವಳು ಕಿಟಕಿ ಕಡೆ ನೋಡುತ್ತಿದ್ದಳು. ನಾನು ಬಸ್ಸಿನ ಹರಿದ ಸೀಟಿನ ಹೊಲಿಗೆ ನೋಡುತ್ತಿದ್ದೆ.

ಸಂಸ್ಥೆಯ ಮೂರನೇ ಮಹಡಿಯಲ್ಲಿ ದನಿ ಕೋಣೆ. ಹೊರಗೆ ಒಂದು ಉದ್ದನೆಯ ಬೆಂಚು, ನೀರಿನ ಕ್ಯಾನು, ಸರಪಳಿ ಕಟ್ಟಿದ ಲೋಟ. ಮೊದಲು ಸೂಲಗಿತ್ತಿಯನ್ನು ಕರೆದರು. ಗೋಡೆ ಗಡಿಯಾರದಲ್ಲಿ ಹನ್ನೊಂದು ನಿಮಿಷ. ಹೊರಗೆ ಬಂದಾಗ ಅವಳ ಹೆಬ್ಬೆರಳಿಗೆ ಶಾಯಿ ಹತ್ತಿತ್ತು. ಬೆಂಚಿನ ತುದಿಯಲ್ಲಿ ಕೂತು ಅದನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದುಕೊಂಡಳು.

ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಮೆತ್ತಿದ್ದರು. ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಕೇಳುತ್ತಿತ್ತು. ಅಲ್ಲಿನ ಗುಮಾಸ್ತ ನಿವೃತ್ತಿಗೆ ಹತ್ತಿರವಾದವನು, ತಲೆಗೂದಲೆಲ್ಲ ಹಣ್ಣಾಗಿತ್ತು. ಕಾಗದ ನೋಡಿ, "ಹದಿನೇಳನೇ ದನಿ," ಎಂದ. "ನಿಮ್ಮ ಮಗಳದ್ದಾ ಅಮ್ಮ? ನಲವತ್ತೆರಡರಲ್ಲಿ ಇದೇ ಚೊಕ್ಕ. ಅದಕ್ಕೇ ಕಂಪನಿಯವರು ಇದನ್ನೇ ಜಾಸ್ತಿ ತಗೊಂಡಿದ್ದು."

ಹೊಗಳಿಕೆ ಎಂದುಕೊಂಡು ಹೇಳಿದ. ನಾನು ಬೈಯಲಿಲ್ಲ. ಅವನು ನನ್ನ ಕಿವಿಗೆ ಹೆಡ್‌ಫೋನ್ ಕೂರಿಸಿ ಗುಂಡಿ ಒತ್ತಿದ.

ಕಣ್ಣು. ಕಿವಿ. ಕೈ. ಕಲ್ಲು. ನೀರು.

ಒಂದೊಂದೇ ಪದ. ನಡುವೆ ಸ್ವಲ್ಪ ಮೌನ. ಯಂತ್ರದ ದನಿಯಲ್ಲಿ ಇಲ್ಲದ್ದೆಲ್ಲ ಇದರಲ್ಲಿತ್ತು. ನೆಗಡಿ ಆಗಿತ್ತು ಅವಳಿಗೆ, ಮರೆತೇಹೋಗಿತ್ತು ನನಗೆ. 'ನೀರು' ಎಂದಾಗ ಸಿಳ್ಳೆ ಬಂತು, ಅವಳು ನಗು ತಡೆದುಕೊಂಡದ್ದೂ ಕೇಳಿತು. ಹದಿನಾರು ವರ್ಷದ ಹುಡುಗಿ ಕಂಬಳಿ ಕಟ್ಟಿದ ಕೋಣೆಯಲ್ಲಿ, ಎರಡು ಪುಸ್ತಕದ ಆಸೆಗೆ, ನಗಬಾರದೆಂದು ಬಿಗಿಯಾಗಿ ಕೂತಿದ್ದಾಳೆ. ಹೊರಗೆ ನೂರು ಹೆಜ್ಜೆ ದೂರದಲ್ಲಿ ನಾನು ಯಂತ್ರ ತುಳಿಯುತ್ತ ಕೂತಿದ್ದೇನೆ.

ಅಜ್ಜ. ಅಜ್ಜಿ. ಅಪ್ಪ. ಅಮ್ಮ.

"ನಿಲ್ಲಿಸಿ," ಎಂದೆ.

ನಿಲ್ಲಿಸಿದ.

"ಇದು ನಡುವಿನಿಂದ ಶುರುವಾಗಿದೆ. ಮೊದಲಿಂದ ಹಾಕಿ."

"ಮೊದಲಿಂದಲೇ ಹಾಕಿದ್ದು, ಅಮ್ಮ."

"ಇಲ್ಲ. ನಮ್ಮೋರು ಯಾರೂ ಕಣ್ಣು ಕಿವಿ ಅಂತ ಶುರು ಮಾಡಲ್ಲ. ನಾನು ಇಂಥವಳ ಮಗಳು ಅಂತ ಮೊದಲು ಹೇಳಿರ್ತಾಳೆ. ಹೇಳದೆ ಬಾಯೇ ತೆಗೆಯಲ್ಲ ಅವಳು. ಅದನ್ನ ಹಾಕಿ."

ಗುಮಾಸ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅದಾ," ಎಂದ. "ಅದು ಎಲ್ಲರದ್ದೂ ಇತ್ತು. ಪಟ್ಟಿಯಲ್ಲಿರೋ ಪದ, ಕೇಳಿದ ವಿಷಯದ ಮಾತು ಮಾತ್ರ ಬೇಕು ಅಂತ ಮೇಲಿನವರು ಹೇಳಿದ್ರು. ಮುಂದಿನ ಭಾಗ ಕತ್ತರಿಸಿದ್ವಿ. ನಾನೇ ಕತ್ತರಿಸಿದ್ದು."

"ಕತ್ತರಿಸಿದ್ದು ಎಲ್ಲಿದೆ?"

"ಇಟ್ಕೊಳ್ಳಲ್ಲ ಅಮ್ಮ."

ನಾನೂ ಕತ್ತರಿ ಹಿಡಿದು ಬದುಕಿದವಳು. ಬಟ್ಟೆ ಕತ್ತರಿಸಿ ಉಳಿದ ಚೂರನ್ನು ಇಪ್ಪತ್ತು ವರ್ಷದಿಂದ ಒಂದೂ ಎಸೆದಿಲ್ಲ. ಮೂರು ಗೋಣಿ ತುಂಬಿವೆ. ಯಾವ ಚೂರು ಯಾರ ಅಂಗಿಯದು ಎಂದು ಈಗಲೂ ಹೇಳುತ್ತೇನೆ. ಇವರು ನನ್ನ ಮಗಳ ಬಾಯಿಂದ ಇನ್ನೂರ ಹತ್ತು ಪದ ಇಟ್ಟುಕೊಂಡರು. ಕಂಪನಿಗೆ ಕೊಟ್ಟರು. ಅವಳು ನನ್ನ ಹೆಸರು ಹೇಳಿದ್ದನ್ನು ಮಾತ್ರ ಎಸೆದರು. ಅದಕ್ಕೇ ಆ ಯಂತ್ರ ದೊಡ್ಡಪ್ಪನ ಹತ್ತಿರ ತಾನು ಯಾರ ಮಗಳೆಂದು ಹೇಳಲಿಲ್ಲ. ಅದಕ್ಕೆ ಗೊತ್ತಿರಲಿಲ್ಲ.

ಎದ್ದು ಅವನ ಕೆನ್ನೆಗೆ ಬಾರಿಸಬೇಕಿತ್ತು. ಇಪ್ಪತ್ತು ವರ್ಷದ ನನ್ನ ಸಿಟ್ಟೆಲ್ಲ ಆ ಒಂದು ಏಟಿಗೇ ಕೂಡಿಟ್ಟದ್ದು ಎನಿಸಿತು. ಆದರೆ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ಅಮ್ಮ ಅನ್ನೋದನ್ನ ಇನ್ನೊಂದು ಸಲ ಹಾಕಿ," ಎಂದೆ.

ಹಾಕಿದ. ಪಟ್ಟಿಯ ಪದ, ಕರೆದದ್ದಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದ್ದಳು. ಇನ್ನೊಂದು ಸಲ ಎಂದೆ. ಹಾಕಿದ. ಎಷ್ಟು ಸಲವೋ ಲೆಕ್ಕ ಇಡಲಿಲ್ಲ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಮ್ಮ, ಒಂದು ಪೆನ್ ಡ್ರೈವ್‌ಗೆ ಹಾಕಿ ಕೊಟ್ಬಿಡ್ತೀನಿ. ಇಷ್ಟೇ ಇಷ್ಟು. ಯಾರಿಗೂ ಗೊತ್ತಾಗಲ್ಲ. ನನಗೂ ಮಗಳಿದ್ದಾಳೆ."

ಬೇಕು. ಸುಳ್ಳು ಯಾಕೆ ಬರೆಯಲಿ? ಕೈ ಆಗಲೇ ಚಾಚಿದ್ದೆ. ರವಿಕೆಯೊಳಗೆ ಎಲ್ಲಿ ಇಟ್ಟು ಹೊಲಿಯಬಹುದು ಎಂದು ಕೂಡ ಲೆಕ್ಕ ಹಾಕಿಯಾಗಿತ್ತು. ಆಗ ಕೇಳಿದೆ: "ಹೊರಗೆ ಕೂತಿದ್ದಾಳಲ್ಲ, ಅವಳಿಗೂ ಕೊಟ್ರಾ?"

"ಕೇಳಿದೆ. ಅವರು ಬೇಡ ಅಂದ್ರು."

"ಯಾಕಂತೆ?"

"'ನಮ್ಮ ಟೈಲರಮ್ಮ ಬೇಡ ಅಂದಿದ್ದಾಳೆ' ಅಂದ್ರು."

ಚಾಚಿದ ಕೈಯಿಂದಲೇ ಪೆನ್ನು ತೆಗೆದುಕೊಂಡೆ. ಈ ಸಲ ಕಾಗದದ ಪ್ರತಿ ಸಾಲನ್ನೂ ಓದಿದೆ. ಎರಡು ಪುಟ. ಓದಿ ಮುಗಿಯುವವರೆಗೆ ಅವಳು ಅಲ್ಲಿರುತ್ತಾಳೆ ಎಂದು ನಿಧಾನವಾಗಿ ಓದಿದೆ. 'ಮೃತರೊಂದಿಗೆ ಸಂಬಂಧ' ಎಂಬ ಕಡೆ 'ತಾಯಿ' ಎಂದು ಬರೆದೆ. ಅದರ ಕೆಳಗೆ ಯಾರೂ ಕೇಳದಿದ್ದರೂ, ಇವಳು ಇಂಥವಳ ಮಗಳು ಎಂದು ನನ್ನ ಪೂರ್ತಿ ಹೆಸರು ಬರೆದೆ. ಗುಮಾಸ್ತ ಅದಕ್ಕೆ ಜಾಗವಿಲ್ಲ ಎನ್ನಲು ಬಾಯಿ ತೆಗೆದು, ನನ್ನ ಮುಖ ನೋಡಿ ಮುಚ್ಚಿಕೊಂಡ. ಆಮೇಲೆ ಪರದೆಯ ಮೇಲೆ ಹದಿನೇಳನೇ ಸಾಲು ಖಾಲಿಯಾಯಿತು. ಸದ್ದೇನೂ ಆಗಲಿಲ್ಲ.

ವಾಪಸ್ ಬಸ್ಸಿನಲ್ಲಿ ಅರ್ಧ ದಾರಿಯಾದ ಮೇಲೆ ಸೂಲಗಿತ್ತಿ ತಾನಾಗಿ ಮಾತಾಡಿದಳು.

"ನನ್ ಗಂಡಂದು ಕೇಳ್ಬೇಕಿತ್ತು ನೀನು. ಜೇನಿನ ವಿಷ್ಯ ಹೇಳು ಅಂದ್ರೆ ಅರ್ಧ ಹೊತ್ತು ನನ್ನ ಅಡುಗೆ ಬಗ್ಗೆ ಗೊಣಗಿದ್ದಾನೆ. ಸತ್ರೂ ಬುದ್ಧಿ ಬಿಟ್ಟಿಲ್ಲ." ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಶಾಯಿ ಕೆನ್ನೆಗೆ ಹತ್ತಿತು.

"ಅಕ್ಕ," ಎಂದೆ. "ಅವತ್ತು ಜಗಲಿ ಮೇಲೆ ನಾನು..."

"ಬಿಡೇ. ಹೇಳಿದ್ದು ಸರಿಯಾಗೇ ಇತ್ತು." ನನ್ನ ಕಡೆ ತಿರುಗಿ, "ಸರಿಯಾಗಿರೋದನ್ನ ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು," ಎಂದಳು.

ನನ್ನ ಸೆರಗಿನ ತುದಿಗೆ ಉಗುಳು ಹಚ್ಚಿ ಅವಳ ಕೆನ್ನೆಯ ಶಾಯಿ ಒರೆಸಿದೆ. ಪೂರ್ತಿ ಹೋಗಲಿಲ್ಲ.

ತಿಂಗಳೊಳಗೆ ಫೋನುಗಳು ನಿಂತವು. ನಕ್ಷೆ ಕಂಪನಿಯವರ ಹತ್ತಿರವೇ ಇದೆ. ಹೇಳಿಯಾದದ್ದನ್ನು ವಾಪಸ್ ತರುವ ಕಾಗದ ಯಾವುದೂ ಇಲ್ಲ, ಅದರ ಜಗಳ ಬೇರೆ ನಡೆಯುತ್ತಿದೆ. ಆದರೆ ನಮ್ಮ ನುಡಿಯಲ್ಲಿ ಈಗ ನಾವು ಮಾತ್ರ ಮಾತಾಡುತ್ತೇವೆ.

ದೊಡ್ಡಪ್ಪ ಹೊಸ ಫೋನು ತೆಗೆದುಕೊಂಡರು. ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಮಳೆ ಬರಲಿ ಬಿಸಿಲಿರಲಿ, ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ರೇಡಿಯೊ ಈಗ ಹೆಚ್ಚು ಮಾತಾಡುವುದಿಲ್ಲ. ಆಗಾಗ ಫೋನು ತೆಗೆದು ನೋಡಿ ಒಳಗಿಡುತ್ತಾರೆ. ನಿನ್ನೆ ನಾನು ಅವರ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಕೇಳಿದರು.

"ಸಿಳ್ಳೆ ಯಾಕೆ ಫೋನ್ ಮಾಡ್ತಿಲ್ವೇ?"

ಅವಳು ಸತ್ತಿದ್ದಾಳೆ ದೊಡ್ಡಪ್ಪ ಎಂದು ಹಿಂದೆ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವರು ಆಗತಾನೆ ಕೇಳಿದವರ ಹಾಗೆ ಅತ್ತಿದ್ದಾರೆ. ಮೂರನೇ ಸಲ ಹೇಳಲು ನನ್ನಿಂದ ಆಗಲಿಲ್ಲ.

"ಇನ್ನು ಮಾಡಲ್ಲ, ದೊಡ್ಡಪ್ಪ."

ಅವರು ನನ್ನ ಮುಖವನ್ನೇ ನೋಡಿದರು. ಹುಟ್ಟಿದಾಗಿನಿಂದ ನನ್ನನ್ನು ಕಂಡವರು. "ನೀನು ಬೈದೆಯಾ?" ಎಂದರು.

ದಾರ ಕಡಿದೆ. ಗುಂಡಿ ಗಟ್ಟಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದೆ.

"ಹೂಂ ದೊಡ್ಡಪ್ಪ," ಎಂದೆ. "ಬೈದೆ."